ಹೈಸ್ಕೂಲಿನ ಕೊನೇ ವಾರಗಳು: ನಾನು ಏನೇನ್ ಎತ್ತಿಟ್ಕೊಂಡೆ, ಹೇಗೆ ಎತ್ತಿಟ್ಕೊಂಡೆ

ಹೈಸ್ಕೂಲ್ ಮುಗಿಯೋಕೆ ಇನ್ನೇನು ಕೆಲವೇ ವಾರ ಅನ್ನುವಾಗ ಎಲ್ರಿಗೂ ಒಂದು ಹುಚ್ಚು ಹಿಡಿಯುತ್ತೆ, ಆಟೋಗ್ರಾಫ್ ಬುಕ್ಕು, ಶರ್ಟ್ ಮೇಲೆ ಸೈನು, ಗ್ರೂಪ್ ಫೋಟೋ, ಸಿಕ್ಕಿದ್ದೆಲ್ಲ ಬ್ಯಾಗಿಗೆ ತುಂಬ್ಕೊಳ್ಳೋದು. ನನಗೂ ಹಿಡಿದಿತ್ತು. ವರ್ಷಗಳು ಕಳೆದ್ಮೇಲೆ ಅದ್ರಲ್ಲಿ ಯಾವುದನ್ನ ಮತ್ತೆ ಮತ್ತೆ ತೆಗೆದು ನೋಡ್ತೀನಿ, ಯಾವುದು ಸುಮ್ನೆ ಕಪಾಟಲ್ಲಿ ಬಿದ್ದಿದೆ ಅಂತ ಈಗ ಚೆನ್ನಾಗಿ ಗೊತ್ತು. ವಸ್ತು ಎಷ್ಟೇ ಚೆನ್ನಾಗಿರ್ಲಿ, ಇದು ಯಾರದ್ದು, ಯಾವಾಗಿನದು, ಯಾಕೆ ಇಟ್ಟಿದ್ದು ಅಂತ ಜೊತೆಗೊಂದು ಚೀಟಿ ಇಲ್ದಿದ್ರೆ ಅದು ಮೂಕ.

ಆಟೋಗ್ರಾಫ್ ಬುಕ್ಕಿಂದಲೇ ಶುರು ಮಾಡ್ತೀನಿ. ಖಾಲಿ ಪುಟ ಕೊಟ್ಟು ‘ಏನಾದ್ರೂ ಬರಿ’ ಅಂದ್ರೆ ನೂರಕ್ಕೆ ತೊಂಬತ್ತು ಜನ ‘ಆಲ್ ದಿ ಬೆಸ್ಟ್, ನನ್ನ ಮರೀಬೇಡ’ ಅಂತ ಬರ್ದು ಕೈ ತೊಳ್ಕೊತಾರೆ. ಅದಕ್ಕೇ ನಾನು ಪ್ರತಿ ಪುಟದ ಮೇಲ್ಗಡೆ ಒಂದು ಪ್ರಶ್ನೆ ಬರ್ದೇ ಕೊಡ್ತಿದ್ದೆ: ನಮ್ಮಿಬ್ರಿಗೆ ಮಾತ್ರ ಗೊತ್ತಿರೋ ಒಂದು ವಿಷ್ಯ ಬರಿ. ಒಬ್ಳು ಏನ್ ಬರೆದಿದ್ಲು ಗೊತ್ತಾ, ಗಣಿತ ಟೆಸ್ಟಲ್ಲಿ ನಾನು ಪೆನ್ನಿನ ಹಿಂದುಗಡೆ ಕಚ್ಚಿ ಕಚ್ಚಿ ನಾಲಿಗೆ ಪೂರ್ತಿ ನೀಲಿ ಆಗಿತ್ತಂತೆ, ಟೀಚರ್ ಪ್ರಶ್ನೆ ಕೇಳಿದಾಗ ಬಾಯಿ ಬಿಡದೆ ಬರೀ ತಲೆ ಆಡಿಸಿದ್ನಂತೆ, ಅವರು ಉತ್ತರ ಗೊತ್ತಿಲ್ಲ ಅನ್ಕೊಂಡು ಕೂರಿಸಿದ್ರಂತೆ. ನನಗೆ ಇದು ಪೂರ್ತಿ ಮರ್ತೇ ಹೋಗಿತ್ತು! ಇಡೀ ಬುಕ್ಕಲ್ಲಿ ನನಗೆ ಇಷ್ಟವಾದ ಪುಟ ಅದೇ. ಇನ್ನೊಂದು ವಿಷ್ಯ, ಜಾಸ್ತಿ ಮಾತಾಡದೇ ಇರೋರಿಗೆ ಬುಕ್ಕನ್ನ ಮನೆಗೆ ಕೊಟ್ಟು ಕಳಿಸಿ, ಇಂಟರ್ವಲ್‌ನಲ್ಲಿ ತಲೆ ಮೇಲೆ ನಿಂತು ಬರೆಸಿದ್ರೆ ಅವರು ಎರಡು ಸಾಲು ದಾಟಲ್ಲ.

ಬರೆಯೋಕೆ ನಾನೇ ಬಾಲ್‌ಪೆನ್ ಕೊಡ್ತಿದ್ದೆ. ಕೆಲವು ಜೆಲ್ ಪೆನ್ನಿನ ಇಂಕು ನೀರಿನ ಹನಿ ಬಿದ್ರೆ ಹರಡುತ್ತೆ. ಸ್ಕೆಚ್ ಪೆನ್ ಬಣ್ಣ ಬೆಳಕಿಗೆ ಮಾಸಿ ಹೋಗುತ್ತೆ.

ಶರ್ಟ್ ವಿಷ್ಯಕ್ಕೆ ಬಂದ್ರೆ, ಬಟ್ಟೆಗೆ ಅಂತಲೇ ಬರೋ ಮಾರ್ಕರ್ ತಗೊಳ್ಳಿ. ಒಳಗಡೆ ಒಂದು ರಟ್ಟು ಇಟ್ಕೊಂಡು ಬರೆಸಿ, ಇಲ್ಲಾಂದ್ರೆ ಬೆನ್ನಿನ ಸೈನು ಎದೆ ಕಡೆಗೂ ಇಳಿಯುತ್ತೆ. ಆಮೇಲೆ ಒಂದು ದಿನ ಚೆನ್ನಾಗಿ ಒಣಗೋಕೆ ಬಿಟ್ಟು, ಒಳಗಡೆಯಿಂದ, ಮೇಲೊಂದು ತೆಳು ಬಟ್ಟೆ ಹಾಕಿ ಇಸ್ತ್ರಿ ಮಾಡಿದೆ, ಯಾಕಂದ್ರೆ ಇಂತ ಮಾರ್ಕರ್‌ಗಳ ಬಣ್ಣ ಬಿಸಿಗೆ ಗಟ್ಟಿಯಾಗಿ ಕೂರುತ್ತೆ. ಯೂನಿಫಾರ್ಮಲ್ಲಿ ಪಾಲಿಯೆಸ್ಟರ್ ಇದ್ರೆ ಬಿಸಿ ಕಮ್ಮಿ ಇರ್ಲಿ. ಬೆವರಿನ ಕಲೆ ಹೋಗ್ಲಿ ಅಂತ ಬರೆಸೋಕೆ ಮುಂಚೆನೇ ಒಗೆದಿಟ್ಕೊಂಡಿದ್ದೆ, ಬರೆಸಿದ್ಮೇಲೆ ಒಗೆದಿಲ್ಲ. ಪ್ಲಾಸ್ಟಿಕ್ ಕವರ್ ಬದ್ಲು ಹಳೇ ಬಿಳಿ ಕಾಟನ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದೀನಿ, ತೇವ ಒಳಗೇ ಕೂತು ಬೂಸ್ಟು ಹಿಡಿಯೋ ಭಯ ಇಲ್ಲ.

ಫೋಟೋ ಎಲ್ರೂ ತೆಗೀತಾರೆ, ಆದ್ರೆ ಎಲ್ರೂ ಪೋಸೇ ತೆಗಿಯೋದು. ನಾನು ಬೇಕಂತಲೇ ಬೇರೆಯದು ತೆಗ್ದೆ, ಡೆಸ್ಕ್ ಮೇಲೆ ಕಂಪಾಸಲ್ಲಿ ಕೊರೆದ ಹೆಸರುಗಳು, ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್, ಅರ್ಧ ಅಳಿಸಿದ ಬೋರ್ಡು, ನಾನು ಕೂರೋ ಜಾಗದಿಂದ ಕಿಟಕಿ ಆಚೆ ಕಾಣ್ತಿದ್ದದ್ದು. ಈಗ ನೋಡಿದ್ರೆ ಪೋಸ್ ಫೋಟೋಗಿಂತ ಇವೇ ನನ್ನನ್ನ ಕ್ಲಾಸ್ ಒಳಗೆ ಕೂರಿಸ್ತವೆ. ಗ್ರೂಪ್ ಫೋಟೋಗೆ ಅವತ್ತು ರಾತ್ರಿನೇ ಸಾಲು ಸಾಲಾಗಿ ಎಡದಿಂದ ಬಲಕ್ಕೆ ಹೆಸರು ಬರೆದಿಟ್ಟೆ, ‘ಇವರನ್ನೆಲ್ಲ ಮರಿಯೋಕಾಗುತ್ತಾ’ ಅಂತ ಆಗ ಅನ್ಸುತ್ತೆ, ಆಗುತ್ತೆ ಸ್ವಾಮಿ, ಆರಾಮಾಗಿ ಆಗುತ್ತೆ. ಫ್ರೆಂಡ್ಸ್ ಹತ್ರ ಫೋಟೋ ಇಸ್ಕೊಳ್ಳುವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಮಾಮೂಲಿ ಫೋಟೋ ತರ ಕಳಿಸಿದ್ರೆ ಅದು ಸೈಜ್ ಕುಗ್ಗಿಸುತ್ತೆ, ತೆಗೆದ ದಿನಾಂಕದ ವಿವರಾನೂ ಕಿತ್ತು ಹಾಕುತ್ತೆ.

ಕಾಗದದ ಸಾಮಾನಲ್ಲಿ ಮೋಸ ಮಾಡೋದು ಟಿಕೆಟ್ಟು, ಬಿಲ್ಲು. ನುಣ್ಣಗಿರೋ ಆ ಥರ್ಮಲ್ ಪೇಪರಲ್ಲಿ ಇಂಕೇ ಇರಲ್ಲ, ಬಿಸಿಗೆ ಕಪ್ಪಾಗೋ ಲೇಪನ ಅಷ್ಟೇ, ಕೆಲವು ವರ್ಷಕ್ಕೆ ಅಕ್ಷರ ಮಾಯ. ಅದಕ್ಕೆ ಕ್ಲಾಸ್ ಟ್ರಿಪ್ಪಿನ ಟಿಕೆಟ್ ಸಿಕ್ಕ ವಾರದಲ್ಲೇ ಸ್ಕ್ಯಾನ್ ಮಾಡಿಟ್ಟೆ. ಲ್ಯಾಮಿನೇಷನ್ ಮಾತ್ರ ಬೇಡ, ಥರ್ಮಲ್ ಪೇಪರ್ ಅದ್ರ ಬಿಸಿಗೆ ಪೂರ್ತಿ ಕಪ್ಪಾಗುತ್ತೆ, ಬೇರೆ ಕಾಗದಾನೂ ಒಂದ್ಸಲ ಲ್ಯಾಮಿನೇಟ್ ಆದ್ರೆ ಮತ್ತೆ ಬಿಡಿಸೋಕಾಗಲ್ಲ. ಸೆಲ್ಲೋಟೇಪಿನ ಅಂಟು ಹಳದಿಯಾಗಿ ಕಾಗದಕ್ಕೇ ಇಳಿಯುತ್ತೆ, ಹಾಗಾಗಿ ಚಿಕ್ಕ ಚಿಕ್ಕ ಪೇಪರ್ ಲಕೋಟೆ ಮಾಡಿ ಒಂದೊಂದನ್ನ ಅದರೊಳಗೆ ಹಾಕಿ, ಲಕೋಟೆ ಮೇಲೆ ಪೆನ್ಸಿಲಲ್ಲಿ ಕಥೆ ಬರ್ದೆ.

ಇಷ್ಟೆಲ್ಲದರಲ್ಲಿ ಒಂದೇ ಉಳಿಸ್ಕೋ ಅಂದ್ರೆ ನಾನು ಆರಿಸೋದು ಆಡಿಯೋನ. ಟೀಚರ್ ಹತ್ರ ಮೊದಲೇ ಕೇಳಿ, ಫೋನನ್ನ ಡೆಸ್ಕ್ ಮೇಲಿಟ್ಟು ಹಾಜರಿ ಕರೆಯೋದನ್ನ ರೆಕಾರ್ಡ್ ಮಾಡ್ಕೊಂಡೆ. ಒಬ್ಬೊಬ್ರ ‘ಪ್ರೆಸೆಂಟ್’ ಒಂದೊಂದು ತರ, ಒಬ್ಬ ಎಳೆದು ಹೇಳ್ತಾನೆ, ಒಬ್ಳದ್ದು ಕೇಳ್ಸೋದೇ ಇಲ್ಲ, ಬರದೇ ಇದ್ದವನ ಹೆಸರಿಗೆ ಹಿಂದಿನ ಬೆಂಚಿಂದ ಇನ್ಯಾರೋ ದನಿ ಬದಲಿಸಿ ಕೂಗ್ತಾನೆ, ಟೀಚರ್ ಒಂದು ಕ್ಷಣ ನಿಲ್ಲಿಸಿ ಮುಂದಿನ ಹೆಸರು ಕರೀತಾರೆ. ಬೆಲ್ಲು, ಬೆಂಚು ಎಳೆಯೋ ಸದ್ದು, ಇಂಟರ್ವಲ್ ಗಲಾಟೆ, ಇವೂ ಇವೆ. ಇದನ್ನೆಲ್ಲ ಫೋನಲ್ಲೇ ಬಿಡ್ಬೇಡಿ, ಫೋನ್ ಬದಲಿಸಿದಾಗ ಹೋಗೋದು ಮೊದ್ಲು ಇಂತವೇ. ನಂದು ಒಂದು ಕಾಪಿ ಹಾರ್ಡ್ ಡಿಸ್ಕಲ್ಲಿ, ಒಂದು ಕ್ಲೌಡಲ್ಲಿ, ಒಂದು ಆ ಬೆಂಚಿನ ಫ್ರೆಂಡ್ ಹತ್ರ ಇದೆ. ಫೈಲ್ ಹೆಸರನ್ನೂ ‘ವಾಯ್ಸ್ 004’ ಅಂತ ಬಿಡದೆ ದಿನಾಂಕ, ಕ್ಲಾಸು, ಯಾರ ಪೀರಿಯಡ್ಡು ಅಂತ ಹಾಕಿ, ಹುಡುಕೋಕೆ ಸಿಗದೇ ಇದ್ರೆ ಇದ್ದೂ ಇಲ್ಲದಂಗೆ.