ಬೆಳ್ಳುಳ್ಳಿಯ ಘಮದಡಿ ಚೀಸ್ ಹೇಗಿದೆ? ರುಚಿ ನೋಡಿ ಅಂಕ ಕೊಡುವ ಕ್ರಮ

ಸಾದಾ ಮೃದು ಚೀಸ್‌ನಲ್ಲಿ ಸಣ್ಣ ದೋಷವಿದ್ದರೂ ನಾಲಿಗೆ ಹಿಡಿದುಬಿಡುತ್ತದೆ. ಅದೇ ಚೀಸ್‌ಗೆ ಬೆಳ್ಳುಳ್ಳಿಯನ್ನೋ ಮೆಣಸನ್ನೋ ಬೆರೆಸಿದರೆ ದೋಷ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲು ತೂಗಬೇಕಾದದ್ದು ಒಳಗಿನ ಚೀಸ್, ಆಮೇಲೆ ಮಸಾಲೆ.

ಫ್ರಿಜ್‌ನಿಂದ ತೆಗೆದ ತಕ್ಷಣ ರುಚಿ ನೋಡಬೇಡಿ. ತಣ್ಣಗಿರುವಾಗ ಕೊಬ್ಬು ಬಿಗಿದಿರುತ್ತದೆ, ಪರಿಮಳ ಏಳುವುದಿಲ್ಲ. ಅರ್ಧ ಗಂಟೆ ಹೊರಗಿಡಿ. ರಾಯಚೂರು, ಕಲಬುರಗಿಯ ಬೇಸಿಗೆಗೆ ಕಾಲು ಗಂಟೆ ಸಾಕು. ಅದಕ್ಕಿಂತ ಹೆಚ್ಚು ಬಿಟ್ಟು, ಮೇಲೆ ಜಿಡ್ಡು ಒಸರಿದರೆ ಅದು ತಯಾರಿಸಿದವರ ತಪ್ಪಲ್ಲ. ತಲೆಗೆ 10–15 ಗ್ರಾಂ ಸಾಕು. ಒಂದೇ ಸಲಕ್ಕೆ ಆರು ಬಗೆ ಮೀರದಿರಲಿ.

ಸಾದಾದಿಂದ ಶುರುಮಾಡಿ, ಆಮೇಲೆ ಸೊಪ್ಪಿನದು, ಬೆಳ್ಳುಳ್ಳಿಯದು, ಕಾಳುಮೆಣಸಿನದು. ಮೆಣಸಿನಕಾಯಿಯದು ಕೊನೆಗೆ. ಅದರ ಖಾರ ನೀರಿಗೆ ಕರಗುವುದಿಲ್ಲ, ಒಂದು ಗುಟುಕು ಹಾಲು ಬೇಕು. ಉಳಿದವುಗಳ ನಡುವೆ ನೀರು, ಉಪ್ಪಿಲ್ಲದ ಬ್ರೆಡ್ ಸಾಕಾಗುತ್ತದೆ.

ಈಗ ಚಾಕುವಿನಿಂದ ಕತ್ತರಿಸಿ ಒಳಮೈ ನೋಡಿ. ಸೊಪ್ಪಿನ ಚೂರಿನ ಸುತ್ತ ನೀರಿನ ಉಂಗುರ ಕಂಡರೆ ತೊಳೆದ ಸೊಪ್ಪನ್ನು ಸರಿಯಾಗಿ ಆರಿಸಿಲ್ಲ. ಡಬ್ಬಿಯ ತಳದಲ್ಲಿ ಹಾಲೊಡಕು ತುಂಬ ನಿಂತಿದ್ದರೆ ಸರಿಯಾಗಿ ಬಸಿದಿಲ್ಲ, ಇಲ್ಲವೇ ನಡುವೆ ಎಲ್ಲೋ ಚಳಿಗೆ ಮಂಜುಗಟ್ಟಿ ಮತ್ತೆ ಕರಗಿದೆ.

ಮುಖ್ಯ ಪರೀಕ್ಷೆ ಮುಂದಿನದು. ಮೂಗು ಬಿಗಿಹಿಡಿದು ಒಂದು ತುಣುಕನ್ನು ಬಾಯಿಗೆ ಹಾಕಿ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ. ಪರಿಮಳ ಮರೆಯಾಗಿ ಉಪ್ಪು, ಹುಳಿ, ಕಹಿ, ಘಾಟು, ಮೈ ಇಷ್ಟೇ ತಿಳಿಯುತ್ತವೆ. ರವೆರವೆಯಾಗಿದ್ದರೆ ಹುಳಿ ಹೆಚ್ಚಾಗಿದೆ ಅಥವಾ ಕಾವು ಮೀರಿದೆ. ಕಹಿ ಬಂದರೆ ಹಾಲು ಗಟ್ಟಿಯಾಗಲು ಹಾಕುವ ರೆನೆಟ್ ಎಂಬ ಕಿಣ್ವ ಹೆಚ್ಚಾಗಿರಬಹುದು, ಚೀಸ್ ಹಳತಾಗಿರಬಹುದು. ಈಗ ಮೂಗು ಬಿಡಿ. ಒಮ್ಮೆಲೇ ನುಗ್ಗಿ ಬರುವುದೇ ಬೆರೆಸಿದ ಪದಾರ್ಥದ ಪಾಲು. ಒಣ ಸೊಪ್ಪು ಹಳತಾಗಿದ್ದರೆ ಹುಲ್ಲಿನ ವಾಸನೆ, ಕೊಬ್ಬು ಕೆಟ್ಟಿದ್ದರೆ ಕಮಟು, ಯೀಸ್ಟ್ ಬೆಳೆದಿದ್ದರೆ ಹುದುಗಿದ ಹಿಟ್ಟಿನ ವಾಸನೆ.

ಅನಾನಸ್ ಬೆರೆತ ಚೀಸ್ ಬಗ್ಗೆ ವಿಶೇಷ ಎಚ್ಚರ ಬೇಕು. ಹಸಿ ಅನಾನಸ್‌ನಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಮೊದಲ ದಿನ ಚೆನ್ನಾಗಿದ್ದದ್ದು ಬರಬರುತ್ತ ನೀರಾಗಿ ಕಹಿಯಾಗುತ್ತದೆ. ಹಣ್ಣನ್ನು ಬೇಯಿಸಿ ಹಾಕಿದರೆ ಈ ತೊಂದರೆಯಿಲ್ಲ.

ಅಂಕಕ್ಕೆ ಅಮೆರಿಕನ್ ಚೀಸ್ ಸೊಸೈಟಿಯ ಸ್ಪರ್ಧೆಯ ಕ್ರಮ ಒಳ್ಳೆಯದು. ಅಲ್ಲಿ ಜೋಡಿ ತೀರ್ಪುಗಾರರು. ಒಬ್ಬರು 50ರಿಂದ ಶುರುಮಾಡಿ ತಾಂತ್ರಿಕ ದೋಷಗಳಿಗೆ ಅಂಕ ಕಳೆಯುತ್ತಾರೆ. ಇನ್ನೊಬ್ಬರು ಸೊನ್ನೆಯಿಂದ ಶುರುಮಾಡಿ ರುಚಿ, ಸೊಗಸಿಗೆ 50ರವರೆಗೆ ಕೂಡಿಸುತ್ತಾರೆ. ಮನೆಯಲ್ಲೂ ಇಬ್ಬರು ಕೂತು ಹೀಗೇ ಮಾಡಬಹುದು. ಬೆಳ್ಳುಳ್ಳಿ ಇಷ್ಟವಿಲ್ಲ ಎಂಬ ಕಾರಣಕ್ಕೆ ಅಂಕ ಕಳೆಯಕೂಡದು; ಹಾಲಿನ ರುಚಿಯೇ ಸಿಗದಷ್ಟು ಬೆಳ್ಳುಳ್ಳಿ ಇದ್ದರೆ ಕಳೆಯಲೇಬೇಕು.

ಹೆಸರು ಮರೆಮಾಚಿ, ಒಂದೇ ಚೀಸನ್ನು ಎರಡು ತಟ್ಟೆಗಳಲ್ಲಿ ಇಡಿಸಿ. ಎರಡಕ್ಕೂ ಬಿದ್ದ ಅಂಕಗಳ ಅಂತರ ಐದನ್ನು ಮೀರಿದರೆ ನಾಲಿಗೆ ದಣಿದಿದೆ. ಆ ಸುತ್ತಿನ ಅಂಕಗಳನ್ನು ಬಿಟ್ಟು ಮತ್ತೊಂದು ದಿನ ನೋಡಿ.