ಕುತ್ತಿಗೆ ಹಿಡಿದಿದೆಯೇ? ಮೊದಲು ಕೈಬೆರಳು ನೋಡಿಕೊಳ್ಳಿ

ಬೆಳಿಗ್ಗೆ ಬಾಗಿಲಲ್ಲಿ ನಿಂತ ಹುಡುಗನ ತಲೆ ಎಡಕ್ಕೆ ವಾಲಿತ್ತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು, ನಮ್ಮ ಓಣಿಯವನೇ. ‘ಅಕ್ಕಾ, ಕುತ್ತಿಗಿ ಹಿಡ್ಕಂಡೈತಿ, ಹೊಳ್ಳಿ ನೋಡಾಕ ಆಗವಲ್ದು’ ಎಂದ. ನನ್ನ ಕಡೆ ನೋಡಲು ಇಡೀ ಮೈಯನ್ನೇ ತಿರುಗಿಸಿದ. ಕಟಿಂಗ್ ಅಂಗಡಿಗೆ ಹೋಗಿ ಒಮ್ಮೆ ಕುತ್ತಿಗೆ ತಿರುಚಿಸಿ ‘ಲಟಕ್’ ಅನ್ನಿಸಿಕೊಂಡು ಬಾ ಎಂದು ಗೆಳೆಯರು ಆಗಲೇ ಹೇಳಿದ್ದರಂತೆ. ಸದ್ಯ, ಅವನು ಹೋಗಿರಲಿಲ್ಲ.

ನಾನು ಕೇಳಿದ್ದು ಒಂದೇ ಮಾತು: ‘ನೋವು ಎಲ್ಲೀತನಕ ಇಳಿತೈತಪಾ?’

ಮನೆಯಲ್ಲಿ ಯಾರಿಗೇ ಕುತ್ತಿಗೆ ಹಿಡಿದರೂ ಮೊದಲು ಇದನ್ನೇ ಕೇಳಿ. ನೋವು ಕುತ್ತಿಗೆ, ಹೆಗಲ ಮೇಲೇ ನಿಂತು, ಒತ್ತಿದರೆ ಗಂಟು ಕಟ್ಟಿದಂತೆ ಗಟ್ಟಿಯಾಗಿದ್ದರೆ ಅದು ಬಹುತೇಕ ಸ್ನಾಯು ಸೆಳೆತ. ತೋಳಿನುದ್ದಕ್ಕೂ ಕರೆಂಟ್ ಹೊಡೆದಂತೆ ಚಳಕು ಇಳಿದು ಬೆರಳು ಜೋಮು ಹಿಡಿಯುತ್ತಿದ್ದರೆ ನರ ಒತ್ತಿರಬಹುದು. ಕುತ್ತಿಗೆಯಲ್ಲಿರುವ 7 ಮಣಿ ಎಲುಬುಗಳ ಆಸುಪಾಸಿನಿಂದ 8 ಜೊತೆ ನರಗಳು ಹೊರಬರುತ್ತವೆ. ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿದರೆ, ಇಲ್ಲವೇ ವಯಸ್ಸಾಗಿ ಎಲುಬು ಸವೆದು ಅಂಚು ಬೆಳೆದರೆ ಅವುಗಳ ದಾರಿ ಇಕ್ಕಟ್ಟಾಗುತ್ತದೆ. ಯಾವ ನರ ಎಂಬ ಸುಳಿವು ಬೆರಳಿನಲ್ಲೇ ಸಿಗುತ್ತದೆ: ಹೆಬ್ಬೆರಳು ಜೋಮಾದರೆ ಸಾಮಾನ್ಯವಾಗಿ 6ನೇ ನರ, ನಡುಬೆರಳಾದರೆ 7ನೆಯದು, ಕಿರುಬೆರಳಾದರೆ 8ನೆಯದು. ವೈದ್ಯರ ಮುಂದೆ ‘ಕೈ ನೋಯ್ತದ’ ಎನ್ನುವುದಕ್ಕಿಂತ ‘ಈ ಬೆರಳು ಜೋಮು’ ಎಂದು ತೋರಿಸಿದರೆ ಅರ್ಧ ಕೆಲಸ ಆದಂತೆ.

ಆ ಹುಡುಗನಿಗೆ ನೋವು ಹೆಗಲಿನಿಂದ ಕೆಳಗಿಳಿದಿರಲಿಲ್ಲ. ಹಾಗಾಗಿ ಶುರು ಮಾಡಿದ್ದು ಶಾಖದಿಂದ. ಬಾಣಲೆಯಲ್ಲಿ ಹರಳುಪ್ಪು ಹುರಿದು ದಪ್ಪ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ ನೋಡಿ. ಅಲ್ಲಿ ಹಿತವಾಗಿದ್ದರೆ ಮಾತ್ರ ಕುತ್ತಿಗೆಗೆ. ಒಂದು ಸಲಕ್ಕೆ 15ರಿಂದ 20 ನಿಮಿಷ, ದಿನಕ್ಕೆ ಮೂರು ಸಲ ಸಾಕು. ಚರ್ಮ ಜೋಮು ಹಿಡಿದವರು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು ಶಾಖದ ಗೊಡವೆಗೇ ಹೋಗಬೇಡಿ. ಸುಟ್ಟದ್ದೂ ಗೊತ್ತಾಗುವುದಿಲ್ಲ. ಮೂಟೆ ಎತ್ತುವಾಗ ಉಳುಕಿದ್ದರೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ.

ಶಾಖದ ಬೆನ್ನಲ್ಲೇ ಅಲುಗಾಟ. ಇಲ್ಲೇ ಬಹಳ ಜನ ತಪ್ಪುತ್ತಾರೆ: ನೋವೆಂದು ವಾರಗಟ್ಟಲೆ ಕುತ್ತಿಗೆಗೆ ಪಟ್ಟಿ ಹಾಕಿ ಕೂರುತ್ತಾರೆ, ಸ್ನಾಯು ಮತ್ತಷ್ಟು ಸೋಲುತ್ತದೆ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತು, ಹೆಗಲನ್ನು ಮೇಲೆತ್ತಿ ಹಿಂದಕ್ಕೆ ಸುತ್ತಿಸಿ ಇಳಿಬಿಡಿ, ಹತ್ತು ಸಲ. ಆಮೇಲೆ ಗದ್ದವನ್ನು ನೇರ ಹಿಂದಕ್ಕೆ ಎಳೆದುಕೊಳ್ಳಿ. ತಲೆ ಬಗ್ಗಿಸಬಾರದು, ಹಿಂತಲೆ ಗೋಡೆಗೆ ಹತ್ತಿರವಾಗಬೇಕು, ಅಷ್ಟೇ. ಐದು ಎಣಿಸಿ ಬಿಡಿ, ಎಂಟ್ಹತ್ತು ಸಲ ಮಾಡಿ. ಕೊನೆಗೆ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ. ಬಿಗಿ ತಾಗಿದಲ್ಲಿ ನಿಲ್ಲಿ, ಅದನ್ನು ದಾಟಿಸಬೇಡಿ. ಹೀಗೆ ಮಾಡುತ್ತಿದ್ದರೆ ಸೆಳೆತ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರದಲ್ಲಿ ಸಡಿಲಾಗುತ್ತದೆ.

ನರದ ನೋವಿದ್ದವರು ಆ ಕಡೆಯ ಅಂಗೈಯನ್ನು ನೆತ್ತಿಯ ಮೇಲಿಟ್ಟು ನೋಡಿ. ನರದ ಎಳೆತ ಕಡಿಮೆಯಾಗಿ ಅನೇಕರಿಗೆ ಚಳಕು ತಗ್ಗುತ್ತದೆ. ರಾತ್ರಿ ಬೋರಲು ಮಲಗಬೇಡಿ. ತೆಳು ದಿಂಬಿಟ್ಟು ಅಂಗಾತ ಮಲಗಿ. ವ್ಯಾಯಾಮ ಮಾಡುವಾಗ ನೋವು ಬೆರಳಿನ ಕಡೆಗೆ ಇಳಿಯತೊಡಗಿದರೆ ಅಲ್ಲಿಗೇ ಬಿಡಿ. ಇದಕ್ಕೆ ತಾಳ್ಮೆ ಬೇಕು, ವಾರಗಳೇ ಹಿಡಿಯುತ್ತವೆ. ಆದರೆ ಹೆಚ್ಚಿನವರು ಆಪರೇಷನ್ ಇಲ್ಲದೆಯೇ ಗುಣವಾಗುತ್ತಾರೆ.

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ನೋವಿನ ಗುಳಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರು ಸುರಿಸಿ, ನೀರು ಸಾಲದ ಮೈಗೆ ಡೈಕ್ಲೋಫೆನಾಕ್‌ನಂಥ ಗುಳಿಗೆ ಬಿದ್ದರೆ ಕಿಡ್ನಿಗೆ ಏಟು. ಬಿಪಿ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ನುಂಗಲೇಬಾರದು.

ಇನ್ನು ಆ ‘ಲಟಕ್’. ದಯವಿಟ್ಟು ಯಾರ ಕೈಗೂ ಕುತ್ತಿಗೆ ಕೊಡಬೇಡಿ. ಮಿದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಎಲುಬಿನ ತೂತುಗಳ ಮೂಲಕವೇ ಹಾದುಹೋಗುತ್ತವೆ. ಸರಕ್ಕನೆ ತಿರುಚಿದಾಗ ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಹೊಡೆಯಬಹುದು. ಅಪರೂಪ ನಿಜ, ಆದರೆ ಆದವರಿಗೆ ಬದುಕೇ ಹೋಗಬಹುದು.

ಕೆಲವಕ್ಕೆ ಕಾಯಲೇಬಾರದು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ಲೋಟ ಕೈಜಾರಿದರೆ, ನಡೆಯುವಾಗ ಕಾಲು ತೊಡರಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ-ತಲೆನೋವಿನ ಜೊತೆ ಕುತ್ತಿಗೆ ಬಿಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಎದೆನೋವು, ಬೆವರಿನ ಜೊತೆ ಎಡತೋಳು ನೋಯುತ್ತಿದ್ದರೆ ಅದು ಹೃದಯವೂ ಇರಬಹುದು. 108ಕ್ಕೆ ಕರೆ ಮಾಡಿ. ಬಿದ್ದು ಪೆಟ್ಟಾಗಿದ್ದರೆ ಕುತ್ತಿಗೆ ಅಲುಗಿಸದೆ ಮಲಗಿಸಿ, ಆಗಲೂ 108.

ನೋವು ಇಳಿದ ಮೇಲೆ ಕೆಲಸದ ಜಾಗ ನೋಡಬೇಕು. ಸುಮಾರು 5 ಕೆ.ಜಿ. ತೂಗುವ ತಲೆಯನ್ನು ದಿನವಿಡೀ ಮುಂದಕ್ಕೆ ಬಾಗಿಸಿಟ್ಟರೆ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿದೇ ಇರಬೇಕಾಗುತ್ತದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲರಿಗೆ ಮೂಟೆಯ ಭಾರ ನೇರ ಕುತ್ತಿಗೆಯ ಬುಡಕ್ಕೇ. ಅವರು ಕುತ್ತಿಗೆ ಹಿಡಿದ ದಿನದಿಂದಲೇ ಒಂದೆರಡು ದಿನ ಮೂಟೆ ಹೊರುವುದನ್ನು ಬಿಡುವುದು ಮೇಲು. ಕೂಲಿ ಹೋಗುತ್ತದೆ ಎಂಬ ಸಂಕಟ ನನಗೆ ಗೊತ್ತು, ಆದರೂ ಹೇಳುತ್ತೇನೆ.

ನಮ್ಮ ಹುಡುಗನ ಮಷೀನಿನ ನಾಲ್ಕೂ ಕಾಲಿನಡಿ ಈಗ ಮೂರು ಬೆರಳು ದಪ್ಪದ ಮರದ ತುಂಡುಗಳಿವೆ. ಬಟ್ಟೆ ಕಣ್ಣಿನ ಹತ್ತಿರಕ್ಕೆ ಬಂದಿದೆ, ಬೆನ್ನು ನೆಟ್ಟಗಾಗಿದೆ. ಬಾಬಿನ್ ದಾರ ಮುಗಿದಾಗಲೆಲ್ಲ ಎದ್ದು ಹೆಗಲು ಸುತ್ತಿಸುತ್ತಾನೆ, ಆಮೇಲೆ ಹೊಸ ಬಾಬಿನ್ ಹಾಕುತ್ತಾನೆ.