ಆಧಾರ್ ಇಲ್ಲದ ಹದಿಹರೆಯದವರಿಗೆ ಬ್ಯಾಂಕ್ ಖಾತೆ ತೆರೆಸುವ ದಾರಿ

"ಮೊದಲು ಆಧಾರ್ ಮಾಡಿಸಿಕೊಂಡು ಬನ್ನಿ." ಗುರುತಿನ ಚೀಟಿ ಇಲ್ಲದ ಹದಿನಾಲ್ಕು ಹದಿನೈದರ ಮಕ್ಕಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದವರಿಗೆ ಕೌಂಟರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಇದೇ. ಅಷ್ಟಕ್ಕೇ ವಾಪಸು ಬರಬೇಕಿಲ್ಲ. ಮಗುವಿನ ಕಾಗದ ಹುಡುಕಲು ಹೊರಡುವ ಮುಂಚೆ ಒಂದು ವಿಷಯ ತೀರ್ಮಾನಿಸಿ: ಈ ಖಾತೆ ಯಾರ ಸಹಿಯ ಮೇಲೆ ನಡೆಯಬೇಕು? ಯಾರ ಸಹಿಯೋ ಅವರ ಗುರುತೇ ಬ್ಯಾಂಕಿಗೆ ಮುಖ್ಯ. ಅರ್ಧದಷ್ಟು ತೊಡಕು ಈ ಒಂದು ತೀರ್ಮಾನದಲ್ಲೇ ಕಳೆಯುತ್ತದೆ.

ಬ್ಯಾಂಕುಗಳು ಒಪ್ಪಬೇಕಾದ ಗುರುತಿನ ದಾಖಲೆಗಳು ಆರು: ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಚೀಟಿ, ಅಧಿಕಾರಿಯ ಸಹಿ ಇರುವ ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಮತದಾರರ ಚೀಟಿಗೂ ಜಾಬ್ ಕಾರ್ಡಿಗೂ 18 ತುಂಬಿರಬೇಕು. 16 ತುಂಬಿದವರಿಗೆ ಗೇರ್ ಇಲ್ಲದ 50 ಸಿಸಿ ವಾಹನದ ಪರವಾನಗಿ ಸಿಗುತ್ತದೆ, ಆದರೆ ಅದನ್ನು ಮಾಡಿಸಿದವರು ಅಪರೂಪ. ಕಲಿಕಾ ಪರವಾನಗಿ ಲೆಕ್ಕಕ್ಕಿಲ್ಲ. ಕೊನೆಗೆ ಹದಿಹರೆಯದವರ ಕೈಯಲ್ಲಿ ಇರಬಹುದಾದದ್ದು ಆಧಾರ್ ಇಲ್ಲವೇ ಪಾಸ್‌ಪೋರ್ಟ್, ಎರಡೇ. ಶಾಲೆಯ ಗುರುತಿನ ಚೀಟಿ, ರೇಷನ್ ಕಾರ್ಡ್, ಟಿಸಿ ಈ ಪಟ್ಟಿಯಲ್ಲಿಲ್ಲ. ಹಾಗಂತ ಅವು ದಂಡವಲ್ಲ. ವಯಸ್ಸು ಮತ್ತು ಸಂಬಂಧ ತೋರಿಸಲು ಅವೇ ಬೇಕು.

ಮೊದಲ ದಾರಿ: ಅಪ್ಪ ಅಥವಾ ಅಮ್ಮ ನಡೆಸುವ ಖಾತೆ

ಎಷ್ಟೇ ವಯಸ್ಸಿನ ಮಗುವಿನ ಹೆಸರಿನಲ್ಲೂ ಗಾರ್ಡಿಯನ್ ಮೂಲಕ ಉಳಿತಾಯ ಖಾತೆ ತೆರೆಯಬಹುದು. ಇಲ್ಲಿ ಗುರುತು ಸಾಬೀತು ಮಾಡಬೇಕಾದವರು ಖಾತೆ ನಡೆಸುವ ದೊಡ್ಡವರು. ತೆಗೆದುಕೊಂಡು ಹೋಗಬೇಕಾದದ್ದು: ಗಾರ್ಡಿಯನ್‌ನ ಗುರುತಿನ ದಾಖಲೆ ಮತ್ತು ಪ್ಯಾನ್, ಮಗುವಿನ ಜನನ ಪ್ರಮಾಣ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಇಬ್ಬರದೂ ಎರಡೆರಡು ಫೋಟೊ. ಜೆರಾಕ್ಸ್ ಪ್ರತಿಗಳ ಜೊತೆ ಮೂಲ ಪ್ರತಿಯೂ ಇರಲಿ. ಪ್ಯಾನ್ ಇಲ್ಲದವರು ಫಾರಂ 60 ಎಂದೇ ಹೆಸರಾದ ಘೋಷಣೆ ತುಂಬಿಕೊಡಬೇಕು. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಮಗುವಿಗೆ ಪ್ರತ್ಯೇಕ ಪ್ಯಾನ್ ಮಾಡಿಸುವ ಅಗತ್ಯವಿಲ್ಲ. ತಂದೆ ಅಥವಾ ತಾಯಿಯ ಪ್ಯಾನ್ ಸಂಖ್ಯೆ ಬರೆದರೆ ಸಾಕು.

ತಾಯಿ ಒಬ್ಬಳೇ ಹೋದಾಗ "ತಂದೆಯನ್ನು ಕರೆದುಕೊಂಡು ಬನ್ನಿ" ಎನ್ನುವುದು ಈಗಲೂ ನಡೆಯುತ್ತದೆ. ಅದು ತಪ್ಪು. ತಾಯಿಯನ್ನು ಗಾರ್ಡಿಯನ್ ಆಗಿಟ್ಟು ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ 1976ರಲ್ಲೇ ಅವಕಾಶ ಕೊಟ್ಟಿದೆ, 2025ರ ಸುತ್ತೋಲೆಯಲ್ಲಿ ಅದನ್ನೇ ಮತ್ತೆ ಹೇಳಿದೆ. ತಾಯಂದಿರು ಧೈರ್ಯವಾಗಿ ಇದನ್ನು ಹೇಳಬೇಕು.

ಅಜ್ಜಿ, ಚಿಕ್ಕಪ್ಪ, ಅಕ್ಕನ ಬಳಿ ಬೆಳೆಯುತ್ತಿರುವ ಮಕ್ಕಳ ವಿಷಯ ಬೇರೆ. ಎಷ್ಟು ವರ್ಷ ಸಾಕಿದ್ದರೂ ಕಾನೂನಿನ ಕಣ್ಣಿಗೆ ಅವರು ಸಹಜ ಪೋಷಕರಲ್ಲ. ಅವರನ್ನು ಗಾರ್ಡಿಯನ್ ಎಂದು ಒಪ್ಪಲು ಬ್ಯಾಂಕ್ ನ್ಯಾಯಾಲಯದ ಆದೇಶ ಕೇಳುತ್ತದೆ. ಒಂದು ಖಾತೆಗಾಗಿ ಕೋರ್ಟು ಅಲೆಯುವುದಕ್ಕಿಂತ, 10 ತುಂಬಿದ ಮಕ್ಕಳಿಗೆ ಎರಡನೇ ದಾರಿಯನ್ನು ಮೊದಲು ಪ್ರಯತ್ನಿಸುವುದು ಮೇಲು.

ಎರಡನೇ ದಾರಿ: ಮಗುವೇ ನಡೆಸುವ ಖಾತೆ

10 ವರ್ಷ ತುಂಬಿದವರು ತಾವೇ ಖಾತೆ ತೆರೆದು ತಾವೇ ನಡೆಸಲು ಬ್ಯಾಂಕ್ ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 21ರ ಸುತ್ತೋಲೆಯಲ್ಲಿ ಹೇಳಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕೇ ಬೇಡವೇ ಎಂಬುದನ್ನು ಆಯಾ ಬ್ಯಾಂಕಿಗೆ ಬಿಟ್ಟಿದೆ. ಹಾಗಾಗಿ ಒಂದು ಬ್ಯಾಂಕ್ ಆಗಲ್ಲ ಎಂದರೆ ಇನ್ನೊಂದರಲ್ಲಿ ಕೇಳಿ. ಈ ದಾರಿಯಲ್ಲಿ ಮಗುವಿನ ಗುರುತನ್ನು ದೊಡ್ಡವರ ಗುರುತಿನಂತೆಯೇ ಪರಿಶೀಲಿಸುತ್ತಾರೆ. ಮೇಲಿನ ಆರರಲ್ಲಿ ಒಂದೂ ಇಲ್ಲದಿದ್ದರೆ ಕೇಳಬೇಕಾದದ್ದು "ಸಣ್ಣ ಖಾತೆ". ಬ್ಯಾಂಕಿನವರು ಇದನ್ನು ಸ್ಮಾಲ್ ಅಕೌಂಟ್ ಎನ್ನುತ್ತಾರೆ. ಕೌಂಟರಿನಲ್ಲಿ ಅದೇ ಪದ ಬಳಸಿ. "ಝೀರೋ ಬ್ಯಾಲೆನ್ಸ್ ಖಾತೆ" ಎಂದು ಕೇಳಿದರೆ ಅವರು ಬೇರೆಯದೇ ಅರ್ಜಿ ಕೊಟ್ಟು ಮತ್ತೆ ಆಧಾರ್ ಕೇಳುತ್ತಾರೆ.

ಗುರುತಿನ ದಾಖಲೆ ಇಲ್ಲದವರಿಗೆಂದೇ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಲ್ಲಿ ಈ ಖಾತೆಗೆ ಜಾಗ ಮಾಡಿದ್ದಾರೆ. ಅರ್ಜಿದಾರರು ತಮ್ಮ ಫೋಟೊ ಮೇಲೆ ತಾವೇ ಸಹಿ ಹಾಕಿ ದೃಢೀಕರಿಸಿ ಕೊಡಬೇಕು. ನಂತರ ಬ್ಯಾಂಕಿನ ನಿಯೋಜಿತ ಅಧಿಕಾರಿಯ ಎದುರೇ ಸಹಿ ಅಥವಾ ಹೆಬ್ಬೆಟ್ಟು ಒತ್ತಬೇಕು. "ನನ್ನ ಸಮಕ್ಷಮದಲ್ಲಿ ಸಹಿ ಮಾಡಿದ್ದಾರೆ" ಎಂದು ಅಧಿಕಾರಿ ಬರೆದು ಸಹಿ ಹಾಕುತ್ತಾರೆ. ಆದ್ದರಿಂದ ಮಗು ಶಾಖೆಗೆ ಬರಲೇಬೇಕು, ಮನೆಯಲ್ಲೇ ಸಹಿ ಹಾಕಿಸಿ ತಂದ ಅರ್ಜಿ ನಡೆಯುವುದಿಲ್ಲ. ಸಹಿಯನ್ನು ಮುಂಚೆಯೇ ಅಭ್ಯಾಸ ಮಾಡಿಸಿ. ಪ್ರತಿ ಸಲ ಬೇರೆ ಬೇರೆ ಸಹಿ ಹಾಕುವ ಮಕ್ಕಳ ಅರ್ಜಿಯನ್ನು ಅಧಿಕಾರಿಗಳು ಪಕ್ಕಕ್ಕಿಡುತ್ತಾರೆ. ಹೆಸರನ್ನು ಕನ್ನಡದಲ್ಲಿ ಬಿಡಿಯಾಗಿ ಬರೆಯುವ ಸರಳ ಸಹಿ ಸಾಕು.

ಸಣ್ಣ ಖಾತೆಯ ಮಿತಿಗಳನ್ನು ಸರಿಯಾಗಿ ತಿಳಿದಿರಿ. ಒಂದು ಹಣಕಾಸು ವರ್ಷದಲ್ಲಿ ಒಟ್ಟು ಜಮೆ 1 ಲಕ್ಷ ರೂಪಾಯಿ ದಾಟುವಂತಿಲ್ಲ. ಒಂದು ತಿಂಗಳಲ್ಲಿ ತೆಗೆಯುವುದು, ವರ್ಗಾಯಿಸುವುದು ಎಲ್ಲ ಸೇರಿ 10,000 ದಾಟುವಂತಿಲ್ಲ. ಯಾವ ಹೊತ್ತಿನಲ್ಲೂ ಖಾತೆಯಲ್ಲಿ ಉಳಿದಿರುವ ಬಾಕಿ ಮೊತ್ತ 50,000 ಮೀರುವಂತಿಲ್ಲ. ವಿದ್ಯಾರ್ಥಿವೇತನದಂಥ ಸರ್ಕಾರಿ ನೆರವು ಬಂದಾಗ ಮಾತ್ರ ಈ ಬಾಕಿ ಮಿತಿ ಅಡ್ಡಬರುವುದಿಲ್ಲ. ಕಾಲೇಜು ಶುಲ್ಕ 15,000 ಕಟ್ಟಬೇಕೆಂದರೆ ಒಂದೇ ತಿಂಗಳಲ್ಲಿ ಆಗದು. ಒಂದು ಭಾಗವನ್ನು ತಿಂಗಳ ಕೊನೆಯಲ್ಲಿ, ಉಳಿದದ್ದನ್ನು ಮುಂದಿನ ತಿಂಗಳ ಮೊದಲ ವಾರದಲ್ಲಿ ತೆಗೆಯುವಂತೆ ಯೋಜಿಸಿ. ಗಲ್ಫ್‌ನಲ್ಲಿ ದುಡಿಯುವ ಅಪ್ಪ ನೇರವಾಗಿ ಈ ಖಾತೆಗೆ ಹಣ ಹಾಕಲಾಗದು. ಸರಿಯಾದ ಗುರುತಿನ ದಾಖಲೆ ಕೊಡುವವರೆಗೆ ವಿದೇಶದ ಹಣ ಜಮೆಯಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಅವಧಿಯಲ್ಲಿ. ಸಣ್ಣ ಖಾತೆಯ ಆಯಸ್ಸು 12 ತಿಂಗಳು. ಅಷ್ಟರೊಳಗೆ ಆರು ದಾಖಲೆಗಳಲ್ಲಿ ಯಾವುದಾದರೂ ಒಂದಕ್ಕೆ ಅರ್ಜಿ ಹಾಕಿದ ಪುರಾವೆ ಕೊಟ್ಟರೆ ಇನ್ನೂ 12 ತಿಂಗಳು ಸಿಗುತ್ತದೆ. ಪುರಾವೆ ಎಂದರೆ ಆಧಾರ್ ನೋಂದಣಿ ಕೇಂದ್ರದಲ್ಲಿ ಕೊಡುವ ಸ್ವೀಕೃತಿ ಚೀಟಿಯೇ ಸಾಕು. ನೋಂದಣಿ ಸಂಖ್ಯೆ, ದಿನಾಂಕ, ಸಮಯ ಅದರಲ್ಲಿರುತ್ತವೆ. ಆ ಚೀಟಿಯ ಶಾಯಿ ಬೇಗ ಮಾಸುವುದುಂಟು, ಅದೇ ದಿನ ಜೆರಾಕ್ಸ್ ಮಾಡಿಸಿ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಖಾತೆ ತೆರೆದ ತಾರೀಖಿನ ಪಕ್ಕ ಹತ್ತನೇ ತಿಂಗಳ ತಾರೀಖನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ಆ ದಿನವೇ ಶಾಖೆಗೆ ಹೋಗಿ.

ಖಾತೆ ತೆರೆದ ವಾರವೇ ಶುರುಮಾಡಬೇಕಾದ ಕೆಲಸ

ಜನನ ಪ್ರಮಾಣ ಪತ್ರ ಇಲ್ಲದಿದ್ದರೆ ಅದೇ ಮೊದಲು. ಹುಟ್ಟಿ ಒಂದು ವರ್ಷ ಕಳೆದ ಮೇಲೆ ನೋಂದಾಯಿಸಲು ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಜನನ ನೋಂದಣಿಯಾಗಿದ್ದು ಮಗುವಿನ ಹೆಸರು ಮಾತ್ರ ಸೇರಿಸಿಲ್ಲದ ಪ್ರಕರಣಗಳು ಬಹಳ. ಹೆಸರು ಸೇರಿಸಲು ನಿಯಮದ ಪ್ರಕಾರ 15 ವರ್ಷದ ಗಡುವಿದೆ. ಮಗುವಿಗೆ 14 ನಡೆಯುತ್ತಿದ್ದರೆ ಬೇರೆಲ್ಲ ಬಿಟ್ಟು ಇದನ್ನು ಮುಗಿಸಿ.

ಆಧಾರ್ ನೋಂದಣಿಗೆ ಶುಲ್ಕವಿಲ್ಲ. ಮಗುವಿನ ಹೆಸರಿನ ವಿಳಾಸ ದಾಖಲೆ ಇಲ್ಲದಿದ್ದರೆ ಕುಟುಂಬದ ಮುಖ್ಯಸ್ಥರ ಆಧಾರ್ ಆಧಾರದ ಮೇಲೆ ಮಾಡಿಸಬಹುದು. ಮಾನ್ಯತೆ ಪಡೆದ ಬಾಲಮಂದಿರ, ಅನಾಥಾಶ್ರಮದಲ್ಲಿರುವ ಮಕ್ಕಳಿಗೆ ಅಲ್ಲಿನ ಅಧೀಕ್ಷಕರು ಆಧಾರ್ ಪ್ರಾಧಿಕಾರದ ನಮೂನೆಯಲ್ಲಿ ಕೊಡುವ ಪ್ರಮಾಣ ಪತ್ರ ನಡೆಯುತ್ತದೆ. ವಯಸ್ಸಿಗೆ ಯಾವ ದಾಖಲೆಯೂ ಇಲ್ಲದ ಇಂಥ ಮಕ್ಕಳ ವಯಸ್ಸನ್ನು ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿ ನಿರ್ಧರಿಸುತ್ತದೆ. ಆ ಆದೇಶದ ಪ್ರತಿಯನ್ನು ಬ್ಯಾಂಕಿಗೂ ಕೊಡಿ. ಇನ್ನು, ಚಿಕ್ಕಂದಿನಲ್ಲಿ ಆಧಾರ್ ಆಗಿದ್ದು ಬ್ಯಾಂಕಿನಲ್ಲಿ ಬೆರಳಚ್ಚು ಹೊಂದುತ್ತಿಲ್ಲ ಎಂದಾದರೆ 15 ತುಂಬಿದ ಮೇಲಿನ ಬಯೋಮೆಟ್ರಿಕ್ ನವೀಕರಣ ಬಾಕಿ ಇದೆಯೇ ನೋಡಿ. 15ರಿಂದ 17ರೊಳಗೆ ಅದು ಉಚಿತ.

ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ ತರುವಾಗ ದಾಖಲಾತಿ ವಹಿಯಲ್ಲಿರುವಂತೆಯೇ ಪೂರ್ಣ ಹೆಸರು, ಜನ್ಮ ದಿನಾಂಕ, ತಂದೆ ತಾಯಿಯ ಹೆಸರು, ದಾಖಲಾತಿ ಸಂಖ್ಯೆ, ಮನೆ ವಿಳಾಸ ಬರೆಸಿ. ಫೋಟೊ ಅಂಟಿಸಿ, ಮೊಹರು ಅರ್ಧ ಫೋಟೊ ಮೇಲೆ ಅರ್ಧ ಕಾಗದದ ಮೇಲೆ ಬೀಳುವಂತೆ ಹಾಕಿಸಿ. ಅರ್ಜಿಗಳು ಸುಮ್ಮನೆ ವಾಪಸಾಗುವುದು ಇನಿಷಿಯಲ್‌ನಿಂದ: ಒಂದು ಕಡೆ "ಎಂ. ಕಾವ್ಯ", ಇನ್ನೊಂದು ಕಡೆ "ಕಾವ್ಯ ಮಂಜುನಾಥ". ಮುಂದೆ ಆಧಾರಿನಲ್ಲಿ ಹೇಗೆ ಬರಬೇಕೋ ಹಾಗೆಯೇ ಈಗಿನಿಂದ ಎಲ್ಲ ಕಡೆ ಬರೆಸಿ.

ಬ್ಯಾಂಕ್ ನಿರಾಕರಿಸಿದರೆ

ಬಾಯಿಮಾತಿನ "ಆಗಲ್ಲ" ತೆಗೆದುಕೊಂಡು ಬರಬೇಡಿ. ಅರ್ಜಿಯನ್ನು ಬರೆದು ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವಿವೇಚನೆಯಿಲ್ಲದೆ ಅರ್ಜಿ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದ ಕಾರಣವನ್ನು ಅಧಿಕಾರಿ ದಾಖಲಿಸಬೇಕು ಎಂಬುದು 2025ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ. ಇದನ್ನು ಸಮಾಧಾನದಿಂದ ಹೇಳಿದರೆ ಮ್ಯಾನೇಜರ್ ಕೋಣೆಯಲ್ಲೇ ಕೆಲಸ ಮುಗಿಯುವುದುಂಟು. ಮುಗಿಯದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಅವಸರಕ್ಕೆ ಯಾರೋ ಪರಿಚಯದವರ ಖಾತೆಯಲ್ಲಿ ಮಗುವಿನ ವಿದ್ಯಾರ್ಥಿವೇತನ ಹಾಕಿಸಬೇಡಿ. ಹಾಗೆಯೇ ಖಾತೆಯಾದ ಮೇಲೆ "ಸ್ವಲ್ಪ ದಿನ ನಿನ್ನ ಖಾತೆ ಕೊಡು, ಕಮಿಷನ್ ಕೊಡ್ತೀವಿ" ಎಂದು ಬರುವವರ ಬಗ್ಗೆ ಮಗುವಿಗೆ ಮೊದಲ ದಿನವೇ ಹೇಳಿ. ವಂಚನೆಯ ಹಣ ಹಾಯ್ದ ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ.

18 ತುಂಬಿದ ಕೂಡಲೇ ಮತ್ತೊಮ್ಮೆ ಶಾಖೆಗೆ ಹೋಗಬೇಕು. ಹೊಸ ಮಾದರಿ ಸಹಿ, ಖಾತೆ ಹೇಗೆ ನಡೆಯಬೇಕೆಂಬ ಹೊಸ ಸೂಚನೆ, ಮಗುವಿನದೇ ಗುರುತಿನ ದಾಖಲೆ ಕೇಳುತ್ತಾರೆ. ಅಲ್ಲಿಂದ ಮುಂದೆ ಗಾರ್ಡಿಯನ್ ಸಹಿಗೆ ಹಣ ಬರುವುದಿಲ್ಲ, ಆದ್ದರಿಂದ ಕಾಲೇಜು ಶುಲ್ಕ ಕಟ್ಟುವ ತಿಂಗಳಿಗೂ ಹುಟ್ಟುಹಬ್ಬಕ್ಕೂ ಹತ್ತಿರವಿದ್ದರೆ ಆ ಹಣವನ್ನು ಮುಂಚೆಯೇ ತೆಗೆದಿಟ್ಟುಕೊಳ್ಳಿ.